ತೂಗದೆ ಸುರಿದ ಕಲ್ಲು, ನಿಲ್ಲದ ದಂಡೆ

ಕಾಲುವೆಗೆ ನೀರು ಬಿಡುವುದು ನಿಂತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಜಾಲದಲ್ಲಿ ವರ್ಷಕ್ಕೊಮ್ಮೆ ಸಿಗುವ ಈ ಬಿಡುವಿನಲ್ಲೇ ದುರಸ್ತಿ ಕೆಲಸಗಳೆಲ್ಲ ಮುಗಿಯಬೇಕು. ಮುಂಗಾರು ಹಿಡಿದು ಜಲಾಶಯಕ್ಕೆ ಒಳಹರಿವು ಶುರುವಾಯಿತೆಂದರೆ ಕಾಲುವೆಯೊಳಗೆ ಕಾಲಿಡಲಾಗದು, ಹೊಳೆದಂಡೆಗೆ ಗಾಡಿ ಇಳಿಸಲಾಗದು. ಹೀಗಾಗಿ ಶಹಾಪುರ, ಸುರಪುರ, ಹುಣಸಗಿ, ವಡಗೇರಾ ಭಾಗದ ರಸ್ತೆಗಳಲ್ಲಿ ಕಲ್ಲು ಹೊತ್ತ ಟಿಪ್ಪರ್‌ಗಳು ಓಡಾಡುವ ಕಾಲ ಇದು. ಟಿಪ್ಪರ್ ಬರುತ್ತದೆ, ಹಿಂದಿನ ಬಾಗಿಲು ತೆರೆಯುತ್ತದೆ, ಕಲ್ಲು ಇಳಿಜಾರಿನ ಮೇಲೆ ಉರುಳಿ ಬೀಳುತ್ತದೆ, ಟಿಪ್ಪರ್ ಹೊರಟುಹೋಗುತ್ತದೆ. ಆ ಕಲ್ಲು ಯಾವ ಗಣಿಯದು, ಗಣಿಯ ಯಾವ ಪದರದ್ದು, ಒಂದೊಂದು ಎಷ್ಟು ತೂಗುತ್ತದೆ, ಹೊಳೆಯ ಸೆಳೆತಕ್ಕೆ ಎಷ್ಟು ವರ್ಷ ತಾಳೀತು ಎಂದು ಕೇಳುವವರು ಅಲ್ಲಿ ನಿಂತಿರುವುದು ತೀರ ಅಪರೂಪ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗಕ್ಕೆ ಅದೇ ಬಗೆಯ ಕಲ್ಲು ಮತ್ತೆ ಬರುತ್ತದೆ. ಸಾರ್ವಜನಿಕರ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಹೋಗುತ್ತಿದೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಈ ಕೆಲಸ ಇರುವುದೇ ಹೀಗೆ ಎಂದು ನಾವೆಲ್ಲ ಒಪ್ಪಿಕೊಂಡು ಸುಮ್ಮನಾಗಿದ್ದೇವೆ.

ಭೀಮರಾಯನಗುಡಿಯಲ್ಲಿ ಕುಳಿತು ಇದನ್ನು ಬರೆಯಬೇಕಾಗಿ ಬಂದಿರುವುದು ನೋವಿನ ಸಂಗತಿ. ಈ ಊರು ಬೆಳೆದದ್ದೇ ನೀರಾವರಿಯ ಕೆಲಸದಿಂದ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಅವರು ಪ್ರಧಾನಿಯಾಗಲು ಆಗ ಇನ್ನೂ ಮೂರು ವಾರಕ್ಕೆ ತುಸು ಕಡಿಮೆ ಬಾಕಿಯಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಸಿದ್ಧವಾಯಿತು: ಹತ್ತೂವರೆ ಕಿಲೋಮೀಟರ್ ಉದ್ದದ ಅಣೆಕಟ್ಟು, 30 ಗೇಟುಗಳು, 33 ಟಿಎಂಸಿ ಅಡಿ ನೀರು. ಅಲ್ಲಿಂದ ಹೊರಡುವ 78 ಕಿಲೋಮೀಟರಿನ ಎಡದಂಡೆ ಕಾಲುವೆ ಮುಂದೆ ಶಹಾಪುರ, ಮುಡಬೂಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳಾಗಿ ಹರಡಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಕಾಲುವೆಯ ಕಚೇರಿಗಳು, ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಕಾಡಾ), ವಸತಿಗೃಹಗಳು, ಕೃಷಿ ಕಾಲೇಜು ಎಲ್ಲ ಈ ಊರಿಗೆ ಬಂದವು. ಮಣ್ಣು, ನೀರು, ಕಲ್ಲು ಬಲ್ಲವರ ಊರು ಎಂದೇ ಸುತ್ತಲಿನ ಹಳ್ಳಿಗಳು ಭೀಮರಾಯನಗುಡಿಯನ್ನು ನೋಡಿಕೊಂಡು ಬಂದಿವೆ.

ಕಲ್ಲಿಗಂತೂ ನಮಗೆ ಬರವಿಲ್ಲ. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟದಿಂದ ಹಿಡಿದು ಸುರಪುರದ ಕೋಟೆಗುಡ್ಡಗಳವರೆಗೆ ನಿಂತಿರುವುದೆಲ್ಲ ಕಣಶಿಲೆ. ಭೂಮಿಯ ಅತಿ ಹಳೆಯ ಶಿಲೆಗಳ ಸಾಲಿಗೆ ಸೇರಿದ, ಗಟ್ಟಿಯಾದ, ದೊಡ್ಡ ದೊಡ್ಡ ದಿಂಡುಗಳಾಗಿ ಸೀಳಿಕೊಳ್ಳುವ ಕಲ್ಲು. ದಂಡೆ ಕಾಯಲು ಇದಕ್ಕಿಂತ ಒಳ್ಳೆಯ ಕಲ್ಲು ಬೇಕೆಂದರೆ ದೂರ ಹೋಗಬೇಕು. ಹಾಗಿದ್ದೂ ನಮ್ಮ ದಂಡೆಗಳು ನಿಲ್ಲುತ್ತಿಲ್ಲ.

ದಂಡೆ ನಿಲ್ಲದಿದ್ದರೆ ಏನಾಗುತ್ತದೆ ಎಂಬುದು ಕೃಷ್ಣೆ, ಭೀಮೆಯ ಹೊಳೆಸಾಲಿನವರಿಗೆ ಗೊತ್ತು. 2009ರ ಅಕ್ಟೋಬರ್ ನೆರೆ, 2019ರ ಆಗಸ್ಟ್ ನೆರೆ, 2020ರ ಅಕ್ಟೋಬರಿನಲ್ಲಿ ಉಕ್ಕಿ ಬಂದ ಭೀಮೆ, ಈ ಮೂರನ್ನೂ ನಮ್ಮ ಯಾದಗಿರಿ ಜಿಲ್ಲೆ ಮರೆತಿಲ್ಲ. 2019ರಲ್ಲಿ ನಾರಾಯಣಪುರದಿಂದ ಹೊರಬಿಟ್ಟ ನೀರು ಆರು ಲಕ್ಷ ಕ್ಯೂಸೆಕ್ ಆಸುಪಾಸಿಗೆ ಮುಟ್ಟಿತ್ತು. ಶಹಾಪುರ–ದೇವದುರ್ಗ ನಡುವಿನ ಕೊಳ್ಳೂರು ಸೇತುವೆ ಮುಳುಗಿತು. ನೀಲಕಂಠರಾಯನಗಡ್ಡಿ ಹೊರಜಗತ್ತಿನ ಸಂಪರ್ಕ ಕಳೆದುಕೊಂಡಿತು. ಯಕ್ಷಿಂತಿ, ಗೌಡೂರು, ಟೊಣ್ಣೂರು ಕಡೆಯ ಹೊಲಗಳಲ್ಲಿ ನೀರು ನಿಂತಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದವು, ಮಂತ್ರಿಗಳು ಬಂದು ನೋಡಿಹೋದರು. ನೀರು ಇಳಿದ ಮೇಲೆ ನಡೆಯುವುದು ಮಾತ್ರ ಸುದ್ದಿಯಾಗುವುದಿಲ್ಲ.

ವಾರಗಟ್ಟಲೆ ನೀರು ಕುಡಿದ ಎರೆಮಣ್ಣಿನ ದಂಡೆ ಭಾರವಾಗಿರುತ್ತದೆ. ಹೊಳೆ ತುಂಬಿದ್ದಾಗ ಆ ನೀರೇ ದಂಡೆಗೆ ಒತ್ತು ಕೊಟ್ಟು ಹಿಡಿದಿರುತ್ತದೆ. ಮೇಲಿನ ಗೇಟು ಮುಚ್ಚಿ ಹೊಳೆ ಸರ್ರನೆ ಇಳಿದಾಗ ಹೊರಗಿನ ಒತ್ತು ಹೋಗಿ, ಒಳಗಿನ ನೀರು ಹೊರಬರಲು ದಾರಿ ಹುಡುಕುತ್ತದೆ. ಆಗ ದಂಡೆ ಬುಡದಿಂದ ಜಾರಿ, ಹೊಲದ ಅಂಚು ಹೋಳು ಹೋಳಾಗಿ ಹೊಳೆಗೆ ಬೀಳುತ್ತದೆ. "ಹೊಳಿ ಬಂದಾಗ ಅಲ್ಲರೀ, ಹೊಳಿ ಇಳದಾಗ ಹೊಲ ಹೋಗ್ತದ" ಎಂದು ರೈತರು ಹೇಳುವುದು ಇದನ್ನೇ. ಮಣ್ಣುಶಾಸ್ತ್ರದ ಪುಸ್ತಕಗಳೂ ಇದನ್ನೇ ಹೇಳುತ್ತವೆ. ನದಿ ದಿಕ್ಕು ಬದಲಿಸಿ ಜಮೀನು ಕೊಚ್ಚಿಹೋದರೆ ಸಿಗುವ ಪರಿಹಾರ, ವಿಪತ್ತು ನಿಧಿಯ 2022–26ರ ಮಾನದಂಡದಂತೆ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ನೀರಾವರಿ ಜಮೀನಿನ ಇಂದಿನ ಬೆಲೆ ಬಲ್ಲ ಯಾರಿಗೂ ಈ ಮೊತ್ತದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಹೋದರೆ ಮತ್ತೊಂದು ಹಂಗಾಮಿದೆ, ಹೋದ ನೆಲ ಬರುವುದಿಲ್ಲ. ದಂಡೆಗೆ ಹಾಕುವ ಕಲ್ಲಿನ ಬಗ್ಗೆ ನಾವು ಇಷ್ಟು ಒತ್ತಿ ಮಾತಾಡುತ್ತಿರುವುದಕ್ಕೆ ಕಾರಣ ಇದು.

ಕಲ್ಲು ಆರಿಸುವುದು ಅಂದಾಜಿನ ಕೆಲಸವಲ್ಲ, ಅದಕ್ಕೆ ಲೆಕ್ಕವಿದೆ. ಹರಿಯುವ ನೀರು ತಳ್ಳಿಕೊಂಡು ಹೋಗಬಲ್ಲ ಕಲ್ಲಿನ ತೂಕ, ನೀರಿನ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಕಲ್ಲು ಎರಡರಷ್ಟು ತೂಗಿದರೆ ಸಾಲದು, 64 ಪಟ್ಟು ತೂಗಬೇಕು. 1930ರ ದಶಕದಲ್ಲಿ ಸೋವಿಯತ್ ಎಂಜಿನಿಯರ್ ಇಜ್ಬಾಶ್ ಕೊಟ್ಟ ಸೂತ್ರವನ್ನು ಜಗತ್ತು ಇಂದಿಗೂ ಬಳಸುತ್ತದೆ. ಸುಳಿಯೆದ್ದು ಹರಿಯುವ ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿದ್ದರೆ, ಗಟ್ಟಿ ಕಣಶಿಲೆಯ ಸುಮಾರು 75 ಕಿಲೋ ಕಲ್ಲು ನಿಲ್ಲುತ್ತದೆ ಎನ್ನುತ್ತದೆ ಆ ಸೂತ್ರ. ವೇಗ 4 ಮೀಟರ್ ಆದರೆ 400 ಕಿಲೋ ದಾಟಿದ ಕಲ್ಲೇ ಬೇಕು. ದಂಡೆಯ ಇಳಿಜಾರನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. ಸೇತುವೆಯ ಬದಿ, ಬ್ಯಾರೇಜಿನ ಕೆಳಗೆ, ಹೊಳೆ ತಿರುಗುವ ಹೊರಮಗ್ಗುಲಿನಲ್ಲಿ ನೆರೆಯ ನೀರು ಈ ವೇಗ ಮುಟ್ಟುವುದು ಅಪರೂಪವೇನಲ್ಲ. ಅಂಥ ಕಡೆ ಒಬ್ಬ ಆಳು ಎತ್ತಿ ಎಸೆಯಬಹುದಾದ ಕಲ್ಲು ಸುರಿದರೆ ಮೊದಲ ನೆರೆಗೇ ಅದು ಕೆಳಗಿನ ಮಡುವಿನಲ್ಲಿರುತ್ತದೆ.

ಜಲಾಶಯದ ದಂಡೆಗೆ ಬೇರೆ ಲೆಕ್ಕ. ಬಸವಸಾಗರದಂಥ ಅಗಲವಾದ ನೀರಿನ ಮೇಲೆ ಮುಂಗಾರಿನ ಗಾಳಿ ಬೀಸಿದಾಗ ಏಳುವ ಅಲೆ ಅಣೆಕಟ್ಟಿನ ಬದಿಗೆ ಚಾಚಿದ ಮಣ್ಣಿನ ಏರಿಗೆ ಹಗಲಿರುಳು ಬಡಿಯುತ್ತದೆ. ಇಲ್ಲಿ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅರ್ಧ ಮೀಟರಿನ ಅಲೆ ಒಂದು ಮೀಟರ್ ಆದರೆ ಎಂಟು ಪಟ್ಟು ತೂಕದ ಕಲ್ಲು ಬೇಕು.

ಇನ್ನೊಂದು ಸಂಗತಿ ಸಾಮಾನ್ಯರ ಗಮನಕ್ಕೆ ಬರುವುದೇ ಇಲ್ಲ. ನೀರಿನೊಳಗೆ ಕಲ್ಲು ತನ್ನ ತೂಕದ ಒಂದು ಪಾಲು ಕಳೆದುಕೊಳ್ಳುತ್ತದೆ. ಹೀಗಾಗಿ ಕಲ್ಲಿನ ಸಾಂದ್ರತೆ ಸ್ವಲ್ಪ ಇಳಿದರೂ ಅದರ ಪರಿಣಾಮ ದೊಡ್ಡದು. ತಾಜಾ ಕಣಶಿಲೆ ನೀರಿಗಿಂತ 2.65 ಪಟ್ಟು ಭಾರ. ಅದೇ ಗುಡ್ಡದ ಮೇಲ್ಪದರದ, ಬಿಸಿಲು ಮಳೆಗೆ ಸವೆದು ಸಡಿಲವಾದ ಕಲ್ಲು 2.4 ಪಟ್ಟು ಮಾತ್ರ ಇರಬಹುದು. ಕೈಯಲ್ಲಿ ಹಿಡಿದರೆ ಈ ವ್ಯತ್ಯಾಸ ತಿಳಿಯುವುದೂ ಇಲ್ಲ. ಆದರೆ ಒಂದೇ ಅಲೆಯನ್ನು, ಒಂದೇ ಸೆಳೆತವನ್ನು ತಡೆಯಲು ಈ ಹಗುರ ಕಲ್ಲು ಸುಮಾರು ಒಂದೂವರೆ ಪಟ್ಟು ತೂಗಬೇಕಾಗುತ್ತದೆ. ಗಣಿಯ ಮೇಲ್ಪದರ ಕಿತ್ತು ತಂದ ಕಲ್ಲನ್ನೂ ಒಳಗಿನ ಗಟ್ಟಿ ಕಲ್ಲನ್ನೂ ಒಂದೇ ದರದಲ್ಲಿ ಒಂದೇ ರಾಶಿಗೆ ಸುರಿಸಿಕೊಳ್ಳುವುದು ಏಕೆ ತಪ್ಪು ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ದಂಡೆಯ ಮೇಲೆ ಬಿದ್ದಿರುವ ಯಾವುದೇ ರಾಶಿಯ ಹತ್ತಿರ ಹೋಗಿ ನಿಂತು ನೋಡಿ. ಒಂದು ಕಲ್ಲು ಬೂದುಬಣ್ಣದ್ದು, ಒಡೆದ ಮುಖ ಚೂಪಾಗಿ ಹೊಳೆಯುತ್ತದೆ, ಅಂಚು ಕೈಗೆ ತಾಗಿದರೆ ಗೀರುತ್ತದೆ. ಸುತ್ತಿಗೆಯಿಂದ ಬಡಿದರೆ ಠಣ್ ಎನ್ನುತ್ತದೆ. ಪಕ್ಕದ ಕಲ್ಲಿಗೆ ತುಕ್ಕಿನ ಬಣ್ಣದ ಸಿಪ್ಪೆಯಿದೆ. ಅದರೊಳಗಿನ ಬಿಳಿ ಹರಳು ಸುಣ್ಣದಂತೆ ಮಂಕಾಗಿದೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ, ಕರಿ ಅಭ್ರಕದ ಚೂರುಗಳು ಎದ್ದು ಬಂದಿವೆ. ಬಡಿದರೆ ದಬ್ ಎನ್ನುತ್ತದೆ, ಬಡಿದ ಜಾಗದಲ್ಲಿ ಮರಳು ಉದುರುತ್ತದೆ. ಮೂರನೆಯದು ನೋಡಲು ಗಟ್ಟಿ, ಆದರೆ ಅದರ ಮೈಮೇಲೆ ಸಿಡಿಮದ್ದಿನ ಕುಣಿಯ ಅರ್ಧ ಗುರುತಿದೆ. ಆ ಗುರುತಿನಿಂದ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಹರಡಿವೆ. ನೀರು ಚೆಲ್ಲಿ ಒಂದು ಗಳಿಗೆ ಬಿಟ್ಟರೆ ಮೇಲ್ಮೈ ಒಣಗುತ್ತದೆ, ಬಿರುಕಿನ ಗೆರೆಗಳು ಮಾತ್ರ ಒದ್ದೆಯಾಗಿಯೇ ಉಳಿದು ಎದ್ದು ಕಾಣುತ್ತವೆ. ದಂಡೆಗೆ ಹಾಕಲು ತಕ್ಕುದು ಇವುಗಳಲ್ಲಿ ಮೊದಲನೆಯದು ಮಾತ್ರ. ಬಿಲ್ಲಿನಲ್ಲಿ ಮೂರಕ್ಕೂ ಒಂದೇ ಸಾಲು.

ಆ ಕೂದಲೆಳೆ ಬಿರುಕಿನ ಹಿಂದೆ ನಮ್ಮ ಗಣಿಗಾರಿಕೆಯ ಇಡೀ ಕಥೆಯಿದೆ. ಇಂದಿನ ಕಲ್ಲುಗಣಿಗಳು ಕ್ರಷರ್‌ಗಾಗಿ ನಡೆಯುವಂಥವು. ರಸ್ತೆಗೆ ಖಡಿ, ಕಟ್ಟಡಕ್ಕೆ ಜಲ್ಲಿ, ಈಗ ಎಂ-ಸ್ಯಾಂಡ್. ಕ್ರಷರ್‌ಗೆ ಕಲ್ಲು ಎಷ್ಟು ಪುಡಿಯಾಗಿ ಬಂದರೆ ಅಷ್ಟು ಲಾಭ. ಆದ್ದರಿಂದ ಕುಣಿಗಳನ್ನು ಹತ್ತಿರ ಹತ್ತಿರ ಕೊರೆದು, ಮದ್ದು ಧಾರಾಳವಾಗಿ ತುಂಬಿ ಸಿಡಿಸುತ್ತಾರೆ. ದಂಡೆಗೆ ಬೇಕಾದ ಕಲ್ಲನ್ನು ತೆಗೆಯುವ ಬಗೆ ಬೇರೆಯೇ. ಅಲ್ಲಿ ಮದ್ದು ಮಿತವಾಗಿರಬೇಕು, ಒಂದೇ ಸಾಲು ಕುಣಿಯಿರಬೇಕು, ಬಂಡೆಯಲ್ಲಿ ಮೊದಲೇ ಇರುವ ಬಿರುಕುಗಳ ಗುಂಟ ದಿಂಡು ಬಿಚ್ಚಿಕೊಳ್ಳುವಂತೆ ನೋಡಬೇಕು. ಜಲ್ಲಿಗಾಗಿ ಸಿಡಿಸಿದ ಗುಡ್ಡದಲ್ಲಿ ಮಿಕ್ಕ ದೊಡ್ಡ ಕಲ್ಲನ್ನು ಆರಿಸಿ ತಂದು ದಂಡೆಗೆ ಹಾಕಿದರೆ ಅದು ಹೊರಗೆ ಕಲ್ಲು, ಒಳಗೆ ಒಡಕು. ಅಮೆರಿಕದ ಮಹಾಸರೋವರಗಳ ಅಲೆತಡೆಗಳಿಗೆ ಕಲ್ಲು ಒದಗಿಸುವ ಕಡೆ, ಗಣಿಯಿಂದ ತೆಗೆದ ದಿಂಡುಗಳನ್ನು ವಾರ ತಿಂಗಳುಗಟ್ಟಲೆ ಬಯಲಿನಲ್ಲಿ ಬಿಟ್ಟು, ಒಡೆಯುವುದೆಲ್ಲ ಒಡೆದ ಮೇಲೆ ಉಳಿದದ್ದನ್ನು ನೀರಿಗೆ ಇಳಿಸುವ ಪದ್ಧತಿ ಇದೆ. ನಮ್ಮಲ್ಲಿ ಬೆಳಿಗ್ಗೆ ಸಿಡಿದ ಕಲ್ಲು ಸಂಜೆಗೆ ದಂಡೆಯ ಮೇಲಿರುತ್ತದೆ.

ಕಲ್ಲಿನ ಜಾತಿಯೂ ಮುಖ್ಯ. ಭೀಮೆಯ ಕಡೆಗೆ ಹೋದಂತೆ ಕಣಶಿಲೆ ಮುಗಿದು ಸುಣ್ಣಗಲ್ಲು ಶುರುವಾಗುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯ ಫರ್ಸಿ ಕಲ್ಲು ನಾಡಿನ ಎಷ್ಟು ಮನೆಗಳ ನೆಲಕ್ಕೆ ತಂಪು ಕೊಟ್ಟಿದೆಯೋ ಲೆಕ್ಕವಿಲ್ಲ. ಆದರೆ ಪದರಪದರವಾಗಿ ಏಳುವ ಆ ಚಪ್ಪಟೆ ಕಲ್ಲು ಹೊಳೆಯ ಸೆಳೆತಕ್ಕೆ ಹೇಳಿದ್ದಲ್ಲ. ಉದ್ದ ದಪ್ಪದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅಂಥ ಕಲ್ಲನ್ನು ದಂಡೆಗೆ ತೆಗೆದುಕೊಳ್ಳಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಚಪ್ಪಟೆ ಕಲ್ಲಿನಡಿಗೆ ನೀರು ನುಗ್ಗಿ ಎಬ್ಬಿಸುತ್ತದೆ. ಹೊಲದಿಂದ ಆರಿಸಿ ತಂದ ಉರುಟು ಗುಂಡುಕಲ್ಲೂ ಅಷ್ಟೇ, ಒಂದರೊಳಗೊಂದು ಕಚ್ಚಿ ಕೂರದೆ ಉರುಳುತ್ತದೆ. ಕಪ್ಪುಶಿಲೆ ಕಣಶಿಲೆಗಿಂತಲೂ ಭಾರ. ಗುಳ್ಳೆಗಳಿಲ್ಲದ ತಾಜಾ ಕಲ್ಲಾದರೆ ಅತ್ಯುತ್ತಮ, ಗುಳ್ಳೆಗುಳ್ಳೆಯದಾದರೆ ಬೇಡ.

ಇಷ್ಟೆಲ್ಲ ನೋಡಿ ಒಳ್ಳೆಯ ಕಲ್ಲು ತಂದರೂ ಅದನ್ನು ನೇರವಾಗಿ ಎರೆಮಣ್ಣಿನ ಮೇಲೆ ಸುರಿದರೆ ಕೆಲಸ ಅರ್ಧ ಕೆಟ್ಟಂತೆ. ಕಲ್ಲಿನ ಸಂದಿಯಿಂದ ನೀರು ಒಳಹೊರಗೆ ಆಡುವಾಗ ಹಿಂದಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಎಳೆದೊಯ್ಯುತ್ತದೆ. ಮೇಲಿನಿಂದ ನೋಡಿದರೆ ಪಿಚಿಂಗ್, ಅಂದರೆ ಕಲ್ಲಿನ ಹೊದಿಕೆ, ಸರಿಯಾಗಿಯೇ ಕಾಣುತ್ತದೆ. ಒಂದು ಉದ್ದನೆಯ ಕೋಲು ತಂದು ಸಂದಿಯಲ್ಲಿ ಇಳಿಸಿದರೆ ಮೊಳದುದ್ದ ಟೊಳ್ಳಿಗೆ ಹೋಗುತ್ತದೆ. ಹೀಗೆ ಒಳಗೆ ಬರಿದಾದ ಪಿಚಿಂಗ್ ಒಂದು ರಾತ್ರಿಯಲ್ಲಿ ಕುಸಿದು ಬೀಳುತ್ತದೆ, ನಾವು ಹೊಳೆಯನ್ನು ಬೈಯುತ್ತೇವೆ. ಮಣ್ಣಿನ ಮೇಲೆ ಮರಳು, ಮರಳಿನ ಮೇಲೆ ಖಡಿ, ಅದರ ಮೇಲೆ ದೊಡ್ಡ ಕಲ್ಲು, ಹೀಗೆ ಸೋಸುವ ಪದರಗಳು ಇರಬೇಕೆಂದು, ಪ್ರತಿ ಪದರದ ಕಣ ಎಷ್ಟು ದಪ್ಪವಿರಬೇಕೆಂದು ಮಣ್ಣುಶಾಸ್ತ್ರಜ್ಞ ಟೆರ್ಜಾಗಿ ನಿಯಮ ಕೊಟ್ಟು ಬಹುಕಾಲವಾಯಿತು. ಈಗ ಮರಳು ಸಿಗದಿದ್ದರೆ ಜಿಯೊಟೆಕ್ಸ್‌ಟೈಲ್ ಬಟ್ಟೆಯಿದೆ. ಎರೆಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಮಣ್ಣು. ಅದರ ಮೇಲೆ ಏನು ಕಟ್ಟುವುದಾದರೂ ನಡುವೆ ಉಬ್ಬದ ಗಟ್ಟಿ ಮಣ್ಣಿನ ಪದರ ಬೇಕೆಂದು ತೋರಿಸಿಕೊಟ್ಟವರು ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ. ಅವರ ಆ ಸಂಶೋಧನೆಗೆ ನಮ್ಮದೇ ಮಲಪ್ರಭಾ ಕಾಲುವೆಯ ಕುಸಿತಗಳು ದಾರಿಯಾದವು. ಇಡೀ ದೇಶ ಬಳಸುವ ಆ ಪಾಠ ಹುಟ್ಟಿದ ನೆಲದಲ್ಲೇ ಅದನ್ನು ಮರೆಯುತ್ತಿದ್ದೇವೆ.

ಬುಡದ ಮಾತೂ ಹಾಗೆಯೇ. ದಂಡೆ ಕುಸಿಯುವುದು ಹೆಚ್ಚಾಗಿ ಬುಡದಿಂದ. ಹೊಳೆ ತಳವನ್ನು ಕೆತ್ತುತ್ತ ಹೋದಂತೆ ಮೇಲಿನ ಪಿಚಿಂಗ್ ಜಾರಿ ಇಳಿಯುತ್ತದೆ. ಇದಕ್ಕೆ ಪರಿಹಾರವನ್ನು ಭಾರತದ ದೊಡ್ಡ ನದಿಗಳ ಮೇಲೆ ರೈಲು ಸೇತುವೆ ಕಟ್ಟುತ್ತಲೇ ಎಂಜಿನಿಯರುಗಳು ಕಂಡುಕೊಂಡರು: ದಂಡೆಯ ಬುಡದಲ್ಲಿ ಹೊಳೆಯ ಕಡೆಗೆ ಚಾಚಿದಂತೆ ದೊಡ್ಡ ಕಲ್ಲಿನ ಹಾಸು ಹಾಕಿಡುವುದು. ನೀರು ತಳ ಕೆತ್ತಿದಾಗ ಆ ಕಲ್ಲುಗಳು ತಾವಾಗಿಯೇ ಜಾರಿ ಕೆತ್ತಿದ ಇಳಿಜಾರನ್ನು ಹೊದ್ದುಕೊಳ್ಳುತ್ತವೆ. ರೈಲ್ವೆ ಎಂಜಿನಿಯರ್ ಫ್ರಾನ್ಸಿಸ್ ಸ್ಪ್ರಿಂಗ್ 1903ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. ತಳ ಎಷ್ಟು ಆಳ ಕೆತ್ತೀತೆಂಬ ಲೆಕ್ಕವನ್ನು 1930ರ ಹೊತ್ತಿಗೆ ನೀರಾವರಿ ಎಂಜಿನಿಯರ್ ಲೇಸಿ ಕೊಟ್ಟರು. ಭಾರತೀಯ ಮಾನಕ ಬ್ಯೂರೋದ ಐಎಸ್ 14262 ದಂಡೆಯ ಹೊದಿಕೆಗೆಂದೇ, ಐಎಸ್ 8237 ಜಲಾಶಯದ ಏರಿಗೆಂದೇ ಇರುವ ಸಂಹಿತೆಗಳು. ಬರೆದಿಟ್ಟದ್ದಕ್ಕೆ ಕೊರತೆಯಿಲ್ಲ.

ಹಾಗಾದರೆ ಕುಸಿದದ್ದು ಏನು? ನಮ್ಮ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ಕಲ್ಲನ್ನು ನೋಡಿ, ಬಡಿದು, ತೂಗಿ ಒಪ್ಪಿಕೊಳ್ಳುವ ಸಾರ್ವಜನಿಕ ಶಿಸ್ತು ಕುಸಿದಿದೆ. ಅದು ಒಮ್ಮೆ ನಮ್ಮಲ್ಲಿತ್ತು. ಕೆರೆ ಕಟ್ಟಿದ ಹಿರಿಯರು ಏರಿಯ ನೀರಿನ ಮಗ್ಗುಲಿಗೆ ಕಲ್ಲು ಹೊದಿಸಿದ್ದನ್ನು ಹೋಗಿ ನೋಡಿ. ಬುಡಕ್ಕೆ ಒಬ್ಬರಿಂದ ಅಲುಗಿಸಲಾಗದ ದಿಂಡು, ಮೇಲೆ ಹೋದಂತೆ ಚಿಕ್ಕದು, ಸಂದಿಗೆ ಚಕ್ಕೆ ಬಡಿದು ಬಿಗಿ. ಸುರಪುರದ ನಾಯಕರು ಕಟ್ಟಿಸಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೀರ್ಣೋದ್ಧಾರ ಮಾಡಿಸಿದ ಬೋನಾಳ ಕೆರೆ ಇಂದಿಗೂ ನೀರು ಹಿಡಿದು ಹಕ್ಕಿಗಳನ್ನು ಸಾಕುತ್ತಿದೆ. ಭೋವಿ ಸಮುದಾಯದ ಕಲ್ಲುಕುಟಿಗರು ಬಂಡೆಯ ಮೇಲೆ ಅಂಗೈ ಆಡಿಸಿ ಎಳೆ ಯಾವ ಕಡೆಗಿದೆ, ಎಲ್ಲಿ ಉಳಿ ಇಟ್ಟರೆ ದಿಂಡು ಬಿಚ್ಚುತ್ತದೆ ಎಂದು ಹೇಳಬಲ್ಲವರಾಗಿದ್ದರು. ಆ ಕೈಗಳಿಗೆ ಇಂದು ಕ್ರಷರ್‌ನಲ್ಲಿ ದಿನಗೂಲಿ ಬಿಟ್ಟರೆ ಬೇರೆ ಕೆಲಸವಿಲ್ಲ, ಅವರ ಮಕ್ಕಳು ಬೆಂಗಳೂರು, ಪುಣೆಯ ಕಟ್ಟಡಗಳಲ್ಲಿದ್ದಾರೆ. ಅಣೆಕಟ್ಟು ಕಟ್ಟುವ ಕಾಲದಲ್ಲಿ ಗಣಿಯ ಬಾಯಲ್ಲೇ ನಿಂತು ಕಲ್ಲು ತಿರಸ್ಕರಿಸುತ್ತಿದ್ದ ಎಂಜಿನಿಯರುಗಳ ತಲೆಮಾರು ನಿವೃತ್ತವಾಯಿತು. ಅವರ ಕಣ್ಣಿನ ಅನುಭವ ಅವರೊಂದಿಗೇ ಮನೆಗೆ ಹೋಯಿತು, ಹೊಸಬರಿಗೆ ದಾಟಿಸುವ ಏರ್ಪಾಟು ಆಗಲಿಲ್ಲ.

ಈ ಕುಸಿತಕ್ಕೆ ಲೆಕ್ಕಪತ್ರದ ಪದ್ಧತಿಯೂ ನೀರೆರೆದಿದೆ. ಪಿಚಿಂಗ್‌ಗೆ ಹಣ ಕೊಡುವುದು ಚದರ ಮೀಟರಿಗೆ ಅಥವಾ ಘನ ಮೀಟರಿಗೆ. ಟೇಪು ಹಿಡಿದು ಉದ್ದ, ಅಗಲ, ದಪ್ಪ ಅಳೆದರೆ ಮುಗಿಯಿತು. ಒಂದು ಘನ ಮೀಟರಿನಲ್ಲಿ ಹತ್ತು ದಿಂಡುಗಳಿವೆಯೋ ಇನ್ನೂರು ಚೂರುಗಳಿವೆಯೋ ಅಳತೆ ಪುಸ್ತಕ ಹೇಳುವುದಿಲ್ಲ. ಚಿಕ್ಕ ಕಲ್ಲು ತುಂಬುವುದು, ಇಳಿಸುವುದು, ಜೋಡಿಸುವುದು ಎಲ್ಲ ಅಗ್ಗ. ದೊಡ್ಡ ಕಲ್ಲಿಗೆ ಕ್ರೇನ್ ಬೇಕು, ಹಿಟಾಚಿ ಬೇಕು, ಒಂದು ಟ್ರಿಪ್ಪಿಗೆ ಹಿಡಿಸುವುದೂ ಕಡಿಮೆ. ಎರಡಕ್ಕೂ ಒಂದೇ ದರ ಸಿಗುವುದಾದರೆ ಗುತ್ತಿಗೆದಾರ ಯಾವುದನ್ನು ತರುತ್ತಾನೆ? ಅವನೊಬ್ಬನ ಮೇಲೆ ತಪ್ಪು ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಒಳ್ಳೆಯ ಕಲ್ಲು ತಂದವನಿಗೆ ನಷ್ಟವಾಗುವ ಪದ್ಧತಿಯನ್ನು ಮಾಡಿಟ್ಟವರು ಅವನಲ್ಲ.

ಹಣವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿಯವರು ಲೋಕಾರ್ಪಣೆ ಮಾಡಿದ ಎಡದಂಡೆ ಕಾಲುವೆ ಆಧುನೀಕರಣದ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಅದರ ಅನುಕೂಲ ಎಂದು ಹೇಳಲಾಯಿತು. ಗೇಟುಗಳನ್ನು ಗಣಕಯಂತ್ರದಿಂದ ಏರಿಸಿ ಇಳಿಸುವ ಸ್ಕಾಡಾ ವ್ಯವಸ್ಥೆ ಬಂತು. ಇದು ಹೆಮ್ಮೆಯ ಕೆಲಸ, ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನಮಗಿಲ್ಲ. ಗೇಟಿನಡಿಯಿಂದ ಹೊರಡುವ ಪ್ರತಿ ಕ್ಯೂಸೆಕ್ಕಿಗೂ ಲೆಕ್ಕ ಇಡುವ ಶಕ್ತಿ ಇರುವ ನಾಡಿಗೆ, ಗೇಟಿನ ಕೆಳಗೆ ಸುರಿದ ಕಲ್ಲಿನ ತೂಕ ಬರೆದಿಡುವ ಶಕ್ತಿಯೂ ಇದೆ ಎಂದಷ್ಟೇ ನಾವು ಹೇಳುತ್ತಿರುವುದು.

ಕರಾವಳಿಯವರ ಪಾಡು ನಮಗೆ ಎಚ್ಚರಿಕೆಯಾಗಬೇಕು. ಉಳ್ಳಾಲ, ಸೋಮೇಶ್ವರ, ಮರವಂತೆ ಕಡೆ ಕಡಲ್ಕೊರೆತಕ್ಕೆ ಕಲ್ಲು ಸುರಿಯುವ ಕೆಲಸ ಮಳೆಗಾಲದಿಂದ ಮಳೆಗಾಲಕ್ಕೆ ಸಾಗುತ್ತಲೇ ಬಂದಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ದೊಡ್ಡ ಯೋಜನೆಯೂ ಬಂತು. ತುರ್ತಿನ ಹೆಸರಿನಲ್ಲಿ ತಂದ ಕಲ್ಲು ಅಲೆಗೆ ಕುಸಿಯುವುದನ್ನು, ಗೋಡೆ ಮುಗಿದ ಕಡೆಯಿಂದಲೇ ಹೊಸ ಕೊರೆತ ಶುರುವಾಗುವುದನ್ನು ಅಲ್ಲಿನವರು ಕಣ್ಣಾರೆ ಕಂಡಿದ್ದಾರೆ. ಇನ್ನೊಂದೆಡೆ, ತನ್ನ ನೆಲದಲ್ಲಿ ಹೇಳಿಕೊಳ್ಳುವಂಥ ಬಂಡೆಯೇ ಇಲ್ಲದ ನೆದರ್‌ಲ್ಯಾಂಡ್ಸ್ ನಾರ್ವೆಯಿಂದ ಹಡಗಿನಲ್ಲಿ ಕಲ್ಲು ತರಿಸಿ ದಂಡೆ ಕಾಯುತ್ತದೆ. ಬ್ರಿಟನ್, ಫ್ರಾನ್ಸ್ ಜೊತೆ ಸೇರಿ 2007ರಲ್ಲಿ ಅದು ಹೊರತಂದ ಕಲ್ಲಿನ ಕೈಪಿಡಿ ಸಾವಿರಕ್ಕೂ ಹೆಚ್ಚು ಪುಟಗಳದ್ದು. ಐಸ್‌ಲ್ಯಾಂಡಿನ ಎಂಜಿನಿಯರುಗಳು ಅಲೆತಡೆಯ ನಕ್ಷೆ ಬರೆಯುವ ಮೊದಲೇ ಗಣಿಗೆ ಹೋಗಿ, ಯಾವ ತೂಕದ ಕಲ್ಲು ಎಷ್ಟು ಪಾಲು ಸಿಗುತ್ತದೆಂದು ಅಂದಾಜಿಸಿ, ಅದಕ್ಕೆ ಹೊಂದುವಂತೆ ನಕ್ಷೆ ಮಾಡುತ್ತಾರೆ. ಒಂದು ಕಲ್ಲೂ ವ್ಯರ್ಥವಾಗದಂತೆ ದೊಡ್ಡದಕ್ಕೆ ದೊಡ್ಡ ಜಾಗ, ಚಿಕ್ಕದಕ್ಕೆ ಒಳಗಿನ ಜಾಗ.

ನಮ್ಮ ಮಾತನ್ನು ತಪ್ಪು ತಿಳಿಯುವುದು ಬೇಡ. ಇನ್ನಷ್ಟು ಗುಡ್ಡ ಕಡಿಯಿರಿ ಎಂದು ನಾವು ಹೇಳುತ್ತಿಲ್ಲ. ಶಹಾಪುರದ ಬುದ್ಧನ ಬೆಟ್ಟಕ್ಕಾಗಲಿ, ಸುರಪುರದ, ಯಾದಗಿರಿಯ ಕೋಟೆಗುಡ್ಡಗಳಿಗಾಗಲಿ ಯಾವ ನೆಪದಲ್ಲೂ ಉಳಿ ತಾಗಬಾರದು. ಸರಿಯಾದ ಕಲ್ಲನ್ನು ಒಮ್ಮೆ ಸರಿಯಾಗಿ ಹಾಕಿದರೆ ಹತ್ತು ಸಲ ಗುಡ್ಡಕ್ಕೆ ಹೋಗುವುದು ತಪ್ಪುತ್ತದೆ. ಎಲ್ಲ ದಂಡೆಗೂ ಕಲ್ಲು ಬೇಕೆಂದೂ ಅಲ್ಲ. ಕಾಲುವೆಯ ನೇರ ಹರಿವಿನಲ್ಲಿ ನೀರಿನ ವೇಗ ಕಡಿಮೆ, ಅಲ್ಲಿ ಲೈನಿಂಗ್ ಸಾಕು, ತೂಬಿನ ಕೆಳಗೆ, ನೀರು ಧುಮುಕುವ ಕಡೆ ಮಾತ್ರ ಕಲ್ಲಿನ ಮಾತು. ಹೊಳೆಯ ಒಳಮಗ್ಗುಲಿನಲ್ಲಿ ಲಾವಂಚ, ಜೊಂಡು, ಲಕ್ಕಿ ಗಿಡಗಳೇ ಮಣ್ಣು ಹಿಡಿಯುತ್ತವೆ. ಮೇಲಾಗಿ ಒಂದು ದಂಡೆಗೆ ಗೋಡೆ ಕಟ್ಟಿದರೆ ಎದುರು ದಂಡೆಗೆ ಹೊಡೆತ ಹೆಚ್ಚಬಹುದು. ನಮ್ಮ ಹೊಲ ಉಳಿಸಲು ದೇವದುರ್ಗದ ರೈತನ ಹೊಲ ಕೆಡಿಸುವುದು ನ್ಯಾಯವಲ್ಲ. ಎಲ್ಲಿ ಕಲ್ಲು ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸಲು ಪುಣೆಯ ಖಡಕ್‌ವಾಸ್ಲಾದಲ್ಲಿ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ, ಕೃಷ್ಣರಾಜಸಾಗರದಲ್ಲಿ ರಾಜ್ಯದ್ದೇ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಕೊಳ್ಳೂರು, ತಿಂಥಣಿ, ಶೆಳ್ಳಗಿ ಭಾಗದ ಹೊಳೆಯ ತಿರುವುಗಳನ್ನು ಇವುಗಳ ಮುಂದಿಟ್ಟು ಕೇಳಬೇಕು.

ಗಣಿ ಇಲಾಖೆಯವರಿಗೆ ನಮ್ಮದೊಂದು ಒತ್ತಾಯವಿದೆ. ಈಗಾಗಲೇ ನಡೆಯುತ್ತಿರುವ ಕಲ್ಲುಗಣಿಗಳಲ್ಲಿ ಒಳ್ಳೆಯ ದಿಂಡು ಸಿಗುವ ಒಂದು ಮುಖವನ್ನು ದಂಡೆ ರಕ್ಷಣೆಗೆಂದೇ ಮೀಸಲಿಡಿ. ಅಲ್ಲಿ ಕ್ರಷರ್‌ನ ಸಿಡಿತ ಬೇಡ, ತೆಗೆದ ದಿಂಡುಗಳನ್ನು ಒಂದು ಮಳೆಗಾಲ ಬಯಲಿನಲ್ಲಿ ಬಿಟ್ಟು, ತೂಕದಂತೆ ವಿಂಗಡಿಸಿ ಇಡಲಿ. ನೆರೆ ಬಂದಾಗ ತುರ್ತು ಕೆಲಸಕ್ಕೆ ಕೈಗೆ ಸಿಗುವ ದಾಸ್ತಾನು ಅದು. ಆ ದಾಸ್ತಾನು ಕಾಯಲು, ವಿಂಗಡಿಸಲು ಕಲ್ಲು ಬಲ್ಲ ಕುಟಿಗರನ್ನೇ ಸಂಬಳಕ್ಕೆ ತೆಗೆದುಕೊಳ್ಳಬೇಕು.

ಹೊಳೆಸಾಲಿನ ಗ್ರಾಮ ಪಂಚಾಯಿತಿಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ಕಲ್ಲು ಸಾಗಿಸುವ ಪ್ರತಿ ಟಿಪ್ಪರಿನ ಜೊತೆ ಗಣಿ ಇಲಾಖೆಯ ಪರವಾನಗಿ ಚೀಟಿಯಿರುತ್ತದೆ. ಅದರಲ್ಲಿ ಒಟ್ಟು ತೂಕ ಬರೆದಿರುತ್ತದೆ. ಸಂದೇಹವಿದ್ದರೆ ದಾರಿಯಲ್ಲಿ ವೇಬ್ರಿಡ್ಜ್ ಇದೆ. ಟಿಪ್ಪರ್ ಸುರಿದ ಮೇಲೆ ಕಲ್ಲುಗಳನ್ನು ಎಣಿಸಿ. ಹತ್ತು ಟನ್ನಿನ ಹೊರೆಯಲ್ಲಿ ನೂರು ಕಲ್ಲಿದ್ದರೆ ಸರಾಸರಿ ಒಂದಕ್ಕೆ ನೂರು ಕಿಲೋ, ಸಾವಿರವಿದ್ದರೆ ಹತ್ತೇ ಕಿಲೋ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಶಾಲೆಯ ಮಕ್ಕಳೂ ಮಾಡಬಲ್ಲ ಭಾಗಾಕಾರ. ಹಾಗೆ ಎಣಿಸಿ ಬರೆದ ಒಂದು ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿದರೆ, ಅದರ ಪ್ರತಿಯನ್ನು ಬಿಲ್ ಪಾಸು ಮಾಡುವ ಕಚೇರಿಗೆ ಕಳಿಸಿದರೆ, ಮುಂದಿನ ಟಿಪ್ಪರಿನ ಕಲ್ಲು ಬೇರೆಯೇ ಬರುತ್ತದೆ. ಈ ಪತ್ರಿಕೆಗೆ ಬಂದ ಅಂಥ ಹಾಳೆಗಳನ್ನು ಪರಿಶೀಲಿಸಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.

ಇನ್ನು ನೀರಾವರಿ ಕಚೇರಿಗಳಿಗೆ. ಬರುವ ಹಂಗಾಮಿನ ಅಂದಾಜುಪಟ್ಟಿಗಳು ಈಗಲೇ ತಯಾರಾಗುತ್ತವೆ. ಅವುಗಳಲ್ಲಿ ಘನ ಮೀಟರಿನ ಕಾಲಂ ಪಕ್ಕದಲ್ಲಿ ಇನ್ನು ಮೂರು ಕಾಲಂ ಸೇರಿಸಿ: ಒಂದೊಂದು ಕಲ್ಲು ಕನಿಷ್ಠ ಎಷ್ಟು ಕಿಲೋ ಇರಬೇಕು, ಯಾವ ಗಣಿಯ ಯಾವ ಮುಖದಿಂದ ಬರಬೇಕು, ಅದರ ಸಾಂದ್ರತೆ ಮತ್ತು ನೀರು ಹೀರುವ ಪ್ರಮಾಣದ ಪರೀಕ್ಷೆ ಯಾವ ತಾರೀಖಿಗೆ ಯಾರು ಮಾಡಿದರು. ದೊಡ್ಡ ಕಲ್ಲಿಗೆ ಪ್ರತ್ಯೇಕ ದರ ಕೊಡಿ, ಕ್ರೇನಿನ ಖರ್ಚು ಸೇರಿಸಿ ಕೊಡಿ. ತಿರಸ್ಕರಿಸಿದ ಕಲ್ಲಿನ ಲೆಕ್ಕವನ್ನೂ ಅಳತೆ ಪುಸ್ತಕದಲ್ಲಿ ಬರೆಯಿರಿ. ಜೂನ್ ಬರುವುದರೊಳಗೆ ಇದನ್ನು ಒಂದೇ ಒಂದು ದಂಡೆಯ ಮೇಲೆ ಮಾಡಿ ತೋರಿಸುವುದಾದರೆ, ಹೊಳೆ ತಿರುಗಿ ಪೂರ್ತಿ ಹೊಡೆತ ಬೀಳುವ ಕೊಳ್ಳೂರಿನ ಹೊರಮಗ್ಗುಲಿನಿಂದಲೇ ಶುರು ಮಾಡಿ.